ಸಂಜೆ ಬಸ್ಸಿನ ಅವಿಶ್ವಾಸ ಗೊತ್ತುವಳಿ

ನನಗೆ ಯಾರ ಮೇಲೂ ಬೇಗ ನಂಬಿಕೆ ಬರುವುದಿಲ್ಲ. ಹಾಲಿನವನು "ಇವತ್ತ ಚಲೋ ಹಾಲು ತಂದೇನ್ರಿ ಅಕ್ಕಾರ" ಅಂದರೆ ನಿನ್ನೆಯ ಹಾಲಿನ ಬಗ್ಗೆ ಯೋಚನೆ ಹತ್ತುತ್ತದೆ. ಇದು ಹುಟ್ಟುಗುಣ ಅಂತ ಜನ ಅನ್ನುತ್ತಾರೆ. ನನ್ನ ಪ್ರಕಾರ ಇದು ಅಪ್ಪನಿಂದ ಬಂದ ಆಸ್ತಿ. ಅಪ್ಪ ಬಾದಾಮಿಯಲ್ಲಿ ಗೈಡ್ ಆಗಿದ್ದ. ಗುಹೆಯ ಒಂದೇ ವಿಗ್ರಹದ ಮುಂದೆ ನಿಂತು ಹೊಸದಾಗಿ ಮದುವೆಯಾದವರಿಗೆ ಒಂದು ಕತೆ, ಶಾಲೆಯ ಮಕ್ಕಳಿಗೆ ಒಂದು ಕತೆ, ರಿಟೈರಾದ ಸಾಹೇಬರಿಗೆ ಇನ್ನೊಂದು ಕತೆ ಹೇಳುತ್ತಿದ್ದ. ಎಲ್ಲರೂ ತಲೆದೂಗಿ ಹೋಗುತ್ತಿದ್ದರು. "ಖರೆ ಕತಿ ಯಾವದಪ್ಪಾ?" ಅಂತ ನಾನು ಕೇಳಿದರೆ, "ಅವ್ರು ಯಾವದಕ್ಕ ತಲಿ ಅಲ್ಲಾಡಸ್ತಾರೋ ಅದ" ಅನ್ನುತ್ತಿದ್ದ. ಅಂದಿನಿಂದ ಚೆನ್ನಾಗಿ ಮಾತಾಡುವವರನ್ನು ಕಂಡರೆ ನಾನು ತುಸು ದೂರವೇ ನಿಲ್ಲುತ್ತೇನೆ.

ಅಂಥವಳು ಓದಿದ್ದು ರಾಜ್ಯಶಾಸ್ತ್ರ, ಕಲಿಸುತ್ತಿರುವುದು ಇಳಕಲ್ಲಿನ ಒಂದು ಪಿಯು ಕಾಲೇಜಿನಲ್ಲಿ. ಸಂಸತ್ತು ಸರ್ಕಾರವನ್ನು ಹಿಡಿತದಲ್ಲಿ ಇಡುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ನಾನೂ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತ ಬಂದಿದ್ದೇನೆ. ಆದರೆ ಬರೆಯುವಾಗಲೆಲ್ಲ, ನಿಜಕ್ಕೂ ಯಾರ ಜುಟ್ಟು ಯಾರ ಕೈಯಲ್ಲಿದೆ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ನಮ್ಮ ಕಡೆ ಯಾವ ಸಭೆಯಲ್ಲಾದರೂ ಪಾರ್ಲಿಮೆಂಟಿನ ಮಾತು ಬಂದರೆ ಭಾಷಣಕಾರರು ಮೊದಲು ಅನುಭವ ಮಂಟಪಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಯಾರು ಬೇಕಾದರೂ ಎದ್ದು ಪ್ರಶ್ನೆ ಕೇಳಬಹುದಿತ್ತು ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಕೆಳಗೆ ಕೂತವರಲ್ಲಿ ಯಾರಾದರೂ ಎದ್ದು ಪ್ರಶ್ನೆ ಕೇಳುವ ಮುಂಚೆ ಕಾರು ಹತ್ತುತ್ತಾರೆ.

ವರ್ಷಕ್ಕೊಮ್ಮೆ ಕಾಲೇಜುಗಳ ನಡುವೆ ಯುವ ಸಂಸತ್ತಿನ ಸ್ಪರ್ಧೆ ಇರುತ್ತದೆ. ಹುಡುಗ ಹುಡುಗಿಯರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನ ಸರ್ಕಾರ, ಉಳಿದವರು ವಿರೋಧ ಪಕ್ಷ, ಒಬ್ಬ ಸಭಾಧ್ಯಕ್ಷ. ಅವರು ಆಡುವ ಮಾತನ್ನೆಲ್ಲ ಬರೆಯುವವಳು ನಾನು. ಪ್ರಶ್ನೆಯೂ ನನ್ನದು, ಉತ್ತರವೂ ನನ್ನದು, ನಡುವೆ ಕೂಗಬೇಕಾದ "ನಾಚಿಕೆ, ನಾಚಿಕೆ"ಯೂ ನನ್ನದು. ವಿರೋಧ ಪಕ್ಷ ಸಿಟ್ಟಾಗಿ ಎದ್ದು ಹೊರಗೆ ಹೋಗಬೇಕಾದ ಜಾಗವನ್ನೂ, ಮತ್ತೆ ಒಳಗೆ ಬರಬೇಕಾದ ಜಾಗವನ್ನೂ ನಾನೇ ಗುರುತು ಮಾಡಿಕೊಡುತ್ತೇನೆ. ಕೊನೆಗೆ ಅವಿಶ್ವಾಸ ಗೊತ್ತುವಳಿ ಬರುತ್ತದೆ, ಸರ್ಕಾರ ಗೆಲ್ಲುತ್ತದೆ. ಸರ್ಕಾರ ಬಿದ್ದದ್ದು ಒಂದು ವರ್ಷವೂ ಇಲ್ಲ. ಹೊಸದಾಗಿ ಸೇರಿದಾಗ ನಾನು ಇದನ್ನು ಪ್ರಿನ್ಸಿಪಾಲರ ಹತ್ತಿರ ಎತ್ತಿದ್ದೆ.

"ಸರ್ಕಾರ ಬಿದ್ರ ಕಾರ್ಯಕ್ರಮ ಮುಗಸೂದು ಹೆಂಗ್ರಿ ಮೇಡಂ?" ಎಂದರು ಅವರು. "ವಂದನಾರ್ಪಣಾ ಯಾರು ಮಾಡ್ಬೇಕು?"

ಪಾತ್ರ ಹಂಚುವುದರಲ್ಲೂ ಒಂದು ರೂಢಿ ಇದೆ. ಮನೆಯಲ್ಲಿ ಕೋಟು ಇರುವವರಿಗೆ ಮಂತ್ರಿ ಸ್ಥಾನ. ನಾನು ಈಗ ಹೇಳುತ್ತಿರುವ ವರ್ಷ ಸೀರೆ ವ್ಯಾಪಾರಿಯ ಮಗ ಪ್ರಧಾನಿಯಾದ. ಅವನಿಗೆ ಕೋಟೂ ಇತ್ತು, ಕಂಠವೂ ಇತ್ತು. ವಿರೋಧ ಪಕ್ಷದ ನಾಯಕರ ಕುರ್ಚಿಯನ್ನು ತರಗತಿಯ ಪ್ರತಿನಿಧಿ ಚುನಾವಣೆಯಲ್ಲಿ ಸೋತವರಿಗೆ ಕೊಡುವುದು ನಮ್ಮ ಕಾಲೇಜಿನ ಪದ್ಧತಿ. ಸೋತವರಿಗೆ ಬೇಜಾರಾಗಬಾರದು ಅಂತ. ಹಾಗೆ ಅದು ಒಬ್ಬ ಹುಡುಗಿಗೆ ಹೋಯಿತು. ಇಳಕಲ್ಲಿಗೆ ಬಸ್ಸಿನಲ್ಲಿ ಓಡಾಡುವ ಒಂದು ಸಣ್ಣ ಊರಿನವಳು, ಅಪ್ಪ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸಗಾರ. ಸಮಾಧಾನಕ್ಕೆಂದು ಕೊಟ್ಟ ಕುರ್ಚಿಯನ್ನು ಅವಳು ನಿಜವಾದ ಕೆಲಸ ಅಂದುಕೊಂಡುಬಿಟ್ಟಳು.

ತಾಲೀಮಿಗೆ ಮುಂಚೆ ನಾನು ಪಾಠ ಮಾಡುತ್ತೇನೆ. ಅರ್ಥವಾಗದೆ ಬಾಯಿಪಾಠ ಮಾಡಬಾರದಲ್ಲ. ಸರ್ಕಾರ ಅಂದರೆ ಸಂಸತ್ತಿನ ಹೊರಗೆಲ್ಲೋ ಕೂತಿರುವ ಅರಸ ಅಲ್ಲ, ಪ್ರಧಾನಿ ಮಂತ್ರಿಗಳೆಲ್ಲ ಸಂಸತ್ತಿನ ಒಳಗಿನವರೇ, ಲೋಕಸಭೆಯಲ್ಲಿ ಬಹುಮತ ಇರುವವರೆಗೆ ಮಾತ್ರ ಅವರ ಕುರ್ಚಿ ಎಂದು ವಿವರಿಸಿದೆ. ಮುಂದೆ ಕೂತವರಲ್ಲಿ ನೇಕಾರರ ಮನೆಯವರೇ ಹೆಚ್ಚು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಸಂಸತ್ತು ಮತ್ತು ಸರ್ಕಾರ ಹಾಗೆ, ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ ಎಂದೆ. ನನ್ನ ಹೋಲಿಕೆಗೆ ನಾನೇ ಖುಷಿಪಟ್ಟೆ.

ಹುಡುಗಿ ಎದ್ದು ನಿಂತಳು. "ಮೇಡಂ, ಮಂತ್ರಿಗಳೂ ಸದನದಾಗಿನವ್ರ, ಅವ್ರನ್ನ ಕೇಳವ್ರೂ ಸದನದಾಗಿನವ್ರ. ಹಂಗಾದ್ರ ಆಳೂ ಪಕ್ಷದಾಗ ಮಂತ್ರಿ ಆಗದ ಬರೇ ಕುಂತವ್ರು ಯಾರ ಕಡಿಯವ್ರ್ರಿ?"

"ಅವ್ರೂ ಸದನದವ್ರ. ಸರ್ಕಾರ ತಪ್ಪಿದ್ರ ಅವ್ರೂ ಕೇಳ್ಬೇಕು."

"ಕೇಳ್ತಾರೇನ್ರಿ?"

ಮುಖ್ಯವಾದ ಮತದಾನ ಬಂದಾಗ ಹೀಗೇ ಮತ ಹಾಕಬೇಕೆಂದು ಪಕ್ಷ ವಿಪ್ ಕೊಡುತ್ತದೆ, ಅದನ್ನು ಮೀರಿ ಕೈ ಎತ್ತಿದರೆ ಸದಸ್ಯತ್ವವೇ ಹೋಗಬಹುದು ಎಂದು ಹೇಳಬೇಕಾಯಿತು.

"ಅಂದ್ರ ಸರ್ಕಾರ ಸದನಕ್ಕ ಅಂಜಬೇಕು, ಸದನದಾಗಿನ ಅರ್ಧಾ ಮಂದಿ ಸರ್ಕಾರಕ್ಕ ಅಂಜಬೇಕು. ಹೌದಲ್ರಿ?"

"ಪರೀಕ್ಷಾದಾಗ ಹಂಗ ಬರೀಬ್ಯಾಡವಾ" ಎಂದೆ. ಎಲ್ಲರೂ ನಕ್ಕರು, ಪ್ರಧಾನಿ ಮಾತ್ರ ನಗಲಿಲ್ಲ. ಅವನು ಅವಳ ಕಡೆ ತಿರುಗಿ ನೋಡುತ್ತಿದ್ದ. ನನ್ನ ಕಿವಿ ನಿಮಿರಿದ್ದು ಆಗಲೇ.

ಹುನಗುಂದದಲ್ಲಿ ನಡೆದ ಮೊದಲ ಸುತ್ತಿನಲ್ಲಿ ನಾವು ಗೆದ್ದೆವು. ನಾನು ಬರೆದುಕೊಟ್ಟದ್ದರಲ್ಲಿ ಒಂದಕ್ಷರ ಆಚೀಚೆ ಆಗಲಿಲ್ಲ. ಇನ್ನು ಬಾಗಲಕೋಟೆಯಲ್ಲಿ ಜಿಲ್ಲಾ ಮಟ್ಟದ್ದು. ಅದರ ನಡುವೆ ಆ ಹುಡುಗಿಯ ಊರಿಗೆ ಹೋಗುವ ಸಂಜೆ ಬಸ್ಸು ನಿಂತಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಒಂದು ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ, ಆಮೇಲೆ ಜನ ಕಾಯುವುದನ್ನು ಬಿಟ್ಟರು. ಅವಳು ಬೇರೆ ಬಸ್ಸಿನಲ್ಲಿ ಬಂದು ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಹೊಲಗಳ ನಡುವೆ ನಡೆದು ಹೋಗಬೇಕಾಯಿತು. ಮನೆ ಮುಟ್ಟುವಾಗ ಕತ್ತಲಾಗುತ್ತಿತ್ತು.

"ಅಪ್ಪ ಅಂದಾನ್ರಿ, ಪರೀಕ್ಷಾ ಬರೂತನಕ ನೋಡ್ತೇನಿ, ಬಸ್ ಬರಲಿಲ್ಲಂದ್ರ ಕಾಲೇಜ್ ಸಾಕು ಅಂತ" ಎಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು. "ಪ್ರಶ್ನೋತ್ತರ ವೇಳೆಯೊಳಗ ಈ ಬಸ್ಸಿಂದೊಂದು ಪ್ರಶ್ನೆ ಹಾಕ್ರಿ ಮೇಡಂ. ಬಾಗಲಕೋಟಿಗೆ ನಮ್ಮ ಶಾಸಕರು ಬರ್ತಾರಂತ."

ನನಗೆ ತಕ್ಷಣ ಅನುಮಾನ. ಅವಳ ಚಿಕ್ಕಪ್ಪ ಗ್ರಾಮ ಪಂಚಾಯಿತಿ ಮೆಂಬರು, ಶಾಸಕರಿಗೆ ಆಗದ ಪಕ್ಷದವನು.

"ನಿಮ್ಮ ಕಾಕಾ ಹೇಳಿಕೊಟ್ಟಾನೇನು?"

"ಕಾಕಾ ಮೋಟಾರ್ ಸೈಕಲ್ ಮ್ಯಾಲೆ ಅಡ್ಡಾಡ್ತಾನ್ರಿ ಮೇಡಂ. ಅವ್ಗ ಬಸ್ ಬಂದ್ ಆಗಿದ್ದ ಗೊತ್ತಿಲ್ಲ."

ಈ ಉತ್ತರವನ್ನು ಯಾರೂ ಹೇಳಿಕೊಟ್ಟಿರಲಾರರು. ನಾನು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಹಿಂದಿನ ಶನಿವಾರವಷ್ಟೇ ತುಳಸಿಗೇರಿ ಹನುಮಪ್ಪನಿಗೆ ಹೋಗಿ ಬಂದಿದ್ದರು. ಬೇಡಿಕೊಂಡದ್ದು ಬಹುಮಾನವನ್ನೋ, ಶಾಸಕರ ಕೃಪೆಯನ್ನೋ ನನಗೆ ತಿಳಿಯದು. ಅವರು ಕಾನೂನಿನ ಮಾತನ್ನೇ ಆಡಿದರು.

"ಬಸ್ಸು ರಾಜ್ಯದ ವಿಷಯ ಮೇಡಂ, ಇದು ಸಂಸತ್ತು. ರಾಜ್ಯಶಾಸ್ತ್ರದವ್ರು ನಿಮಗ ನಾ ಹೇಳ್ಬೇಕೇನು? ಬಾಹ್ಯಾಕಾಶ ಇಡ್ರಿ, ಡಿಜಿಟಲ್ ಇಡ್ರಿ. ಮುಖ್ಯ ಅತಿಥಿಗಳಿಗೆ ಮುಜುಗರ ಆಗೂದು ಬ್ಯಾಡ."

ಮೊದಲ ಮಾತು ಸರಿಯಾಗಿತ್ತು. ಕೊನೆಯ ಮಾತಿಗಾಗಿ ಮೊದಲ ಮಾತು ಬಂದಿತ್ತು ಎಂಬುದೂ ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ಬಂದೆ, ಬಾಹ್ಯಾಕಾಶದ ಮೇಲೆ ಒಂದು ಪ್ರಶ್ನೆ ಬರೆದೆ.

ಅಲ್ಲಿಂದ ತಾಲೀಮಿನ ಹವೆ ಬದಲಾಯಿತು. ನಾನು ತಾಲೀಮಿನ ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಪ್ರಧಾನಿ ತನ್ನ ಡಬ್ಬಿಯ ಶೇಂಗಾ ಹೋಳಿಗೆಯನ್ನು ವಿರೋಧ ಪಕ್ಷದ ಬೆಂಚಿಗೆ ಹಂಚುತ್ತಿದ್ದ. ಆಳುವವರು ವಿರೋಧಿಗಳಿಗೆ ಹೋಳಿಗೆ ಹಂಚುವುದನ್ನು ನಾನು ಒಳ್ಳೆಯ ಲಕ್ಷಣ ಅಂದುಕೊಳ್ಳುವವಳಲ್ಲ. ಹುಡುಗಿಯನ್ನು ಕೊಂಡುಕೊಳ್ಳುತ್ತಿದ್ದಾನೆ, ಬಾಗಲಕೋಟೆಯ ಸಭೆಯಲ್ಲಿ ಇವಳು ಮೆತ್ತಗಾಗುತ್ತಾಳೆ, ಅಂಕ ಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಇಬ್ಬರನ್ನೂ ಬೇರೆ ಬೇರೆ ಕರೆದು ಗದರಿಸಿದೆ. "ಇಲ್ರಿ ಮೇಡಂ, ಏನೂ ಇಲ್ರಿ" ಎಂದು ಇಬ್ಬರೂ ಒಂದೇ ಧಾಟಿಯಲ್ಲಿ ಹೇಳಿದರು. ನನ್ನ ಅನುಮಾನ ದುಪ್ಪಟ್ಟಾಯಿತು.

ಬಾಗಲಕೋಟೆಯಲ್ಲಿ ನವನಗರದ ಒಂದು ದೊಡ್ಡ ಸಭಾಂಗಣ. ಮುಂದಿನ ಸಾಲಿನಲ್ಲಿ ಶಾಸಕರು ಕೂತಿದ್ದರು. ಯಾವ ಪಕ್ಷ ಅಂತ ಹೇಳುವುದಿಲ್ಲ, ನನಗೂ ನೌಕರಿ ಬೇಕು. ಆಳುವ ಪಕ್ಷದವರು ಅಂದರೆ ಸಾಕು. ನಮ್ಮ ಸರದಿ ಬಂತು, ಪ್ರಶ್ನೋತ್ತರ ವೇಳೆ ಶುರುವಾಯಿತು. ಹುಡುಗಿ ಎದ್ದಳು. ವೇದಿಕೆಯ ಮೇಲೆ ನಮ್ಮ ಮಕ್ಕಳು ಪುಸ್ತಕದ ಕನ್ನಡ ಮಾತಾಡುತ್ತಾರೆ.

"ಮಾನ್ಯ ಸಭಾಧ್ಯಕ್ಷರೇ, ನಮ್ಮ ಊರಿನ ಸಂಜೆ ಬಸ್ಸನ್ನು ನಿಲ್ಲಿಸಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?"

ಇದು ನಾನು ಬರೆದ ಪ್ರಶ್ನೆ ಅಲ್ಲ. ಸಾರಿಗೆ ಮಂತ್ರಿಯಾಗಿದ್ದ ಹುಡುಗ ಗಾಬರಿಯಾಗಿ, ನಾನು ಬೇರೆ ಪ್ರಶ್ನೆಗೆ ಬರೆದುಕೊಟ್ಟಿದ್ದ ಉತ್ತರವನ್ನೇ ಒಪ್ಪಿಸಿದ. "ವಿಷಯ ಪರಿಶೀಲನೆಯಲ್ಲಿದೆ."

"ಉಪಪ್ರಶ್ನೆ, ಮಾನ್ಯರೇ. ಪರಿಶೀಲಿಸುತ್ತಿರುವವರು ಯಾರು?"

ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಮಂತ್ರಿ ಪ್ರಧಾನಿಯ ಕಡೆ ನೋಡಿದ. ಪ್ರಧಾನಿ ಗಂಭೀರವಾಗಿ ಎದ್ದು, ಇದು ರಾಜ್ಯದ ವಿಷಯವೆಂದು ನಮ್ಮ ಪ್ರಿನ್ಸಿಪಾಲರ ಮಾತನ್ನೇ ಹೇಳಿದ.

"ಹಾಗಿದ್ದರೆ ರಾಜ್ಯದವರು ಮುಂದಿನ ಸಾಲಿನಲ್ಲಿಯೇ ಇದ್ದಾರೆ, ಮಾನ್ಯರೇ" ಎಂದು ಹೇಳಿ ಹುಡುಗಿ ಕೂತಳು.

ಶಾಸಕರು ಜೋರಾಗಿ ನಕ್ಕರು. ಅವರು ನಕ್ಕ ಮೇಲೆ ಎಲ್ಲರೂ ನಕ್ಕರು. ನಾನು ಪ್ರಿನ್ಸಿಪಾಲರ ಮುಖ ನೋಡುವ ಧೈರ್ಯ ಮಾಡಲಿಲ್ಲ. ಇಷ್ಟಕ್ಕೇ ಮುಗಿಯಿತು ಅಂದುಕೊಂಡರೆ ಅವಿಶ್ವಾಸ ಗೊತ್ತುವಳಿ ಬಂತು. ಗೊತ್ತುವಳಿಯ ಪರವಾಗಿರುವವರು ಕೈ ಎತ್ತಲಿ ಎಂದು ಸಭಾಧ್ಯಕ್ಷ ಹೇಳಿದ. ವಿರೋಧ ಪಕ್ಷದವರು ಎತ್ತಿದರು. ಸರ್ಕಾರದ ಕಡೆ ಒಂದು ಕೈ ಮೇಲೆ ಹೋಯಿತು. ಕೋಟಿನ ಕೈ. ಪ್ರಧಾನಿ ತನ್ನ ಸರ್ಕಾರದ ವಿರುದ್ಧ ತಾನೇ ಕೈ ಎತ್ತಿ ನಿಂತಿದ್ದ. ಅವನ ಹಿಂದೆ ಮಂತ್ರಿಗಳೂ ಒಬ್ಬೊಬ್ಬರಾಗಿ ಎತ್ತಿದರು. ವಿಪ್ ಕೊಡಬೇಕಾದವನೂ ಎತ್ತಿದ್ದ. ಸರ್ಕಾರ ಬಿತ್ತು. ಹೋಳಿಗೆ ಹಂಚಿ ಮಾತಾಡಿಕೊಂಡದ್ದು ಇದನ್ನೇ ಎಂದು ನನಗೆ ಆಗ ಹೊಳೆಯಿತು. ಮುಂದೆ ಏನು ಹೇಳಬೇಕೆಂದು ನಾನು ಬರೆದುಕೊಟ್ಟಿರಲಿಲ್ಲವಾದ್ದರಿಂದ ಸಭಾಧ್ಯಕ್ಷ ಸುಮ್ಮನೆ ನನ್ನ ಕಡೆ ನೋಡುತ್ತ ಕೂತ.

ಪ್ರಧಾನಿ ತನ್ನ ವಿರುದ್ಧವೇ ಮತ ಹಾಕಿದ್ದು ಸಂಸದೀಯ ಪದ್ಧತಿಗೆ ಹೊಂದುವುದಿಲ್ಲ ಎಂದು ತೀರ್ಪುಗಾರರು ಹೇಳಿದರು. ಅದು ಖರೆಯೇ. ರಾಜೀನಾಮೆ ಕೊಡುವುದು ಬಿಟ್ಟು ತನ್ನನ್ನೇ ಸೋಲಿಸಿಕೊಂಡ ಪ್ರಧಾನಿಯ ಬಗ್ಗೆ ನಾನೂ ಕೇಳಿಲ್ಲ. ನಮಗೆ ಬಹುಮಾನ ಬರಲಿಲ್ಲ. ಆಮೇಲೆ ಶಾಸಕರು ಭಾಷಣಕ್ಕೆ ಎದ್ದರು.

"ಈ ಮಗಳ ಬಸ್ಸು ಬರ್ತದ. ಇದು ನನ್ನ ಮಾತು. ಸರ್ಕಾರ ಅಂದ್ರ ಯಾರು? ನಾವ! ನಾವಂದ್ರ ಸರ್ಕಾರ!"

ಚಪ್ಪಾಳೆ ಬಿತ್ತು. ವೇದಿಕೆಯ ಅಂಚಿನಲ್ಲಿ ಇನ್ನೂ ನಿಂತಿದ್ದ ಹುಡುಗಿ ಪುಸ್ತಕದ ಕನ್ನಡವನ್ನು ಮರೆತು ಕೇಳಿದಳು. "ಸರ್, ಹಂಗಾದ್ರ ಬಂದ್ ಮಾಡಿದವ್ರೂ ನೀವ ಏನ್ರಿ?"

ಚಪ್ಪಾಳೆ ನಿಂತಿತು. ಶಾಸಕರು ಮಾತಿನಲ್ಲಿ ಪಳಗಿದವರು. "ಹೇ, ನಾ ಮಂತ್ರಿ ಅಲ್ಲವಾ ತಂಗಿ, ಬರೇ ಶಾಸಕ. ಬಂದ್ ಮಾಡಿದವ್ರು ಅಧಿಕಾರಿಗಳು. ನಾ ಸದನದಾಗ ನಿನ್ನಂಗ ಕೇಳಾಂವ" ಎಂದರು. ಮತ್ತೆ ಚಪ್ಪಾಳೆ ಬಿತ್ತು.

ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಅರ್ಥ ಮಾಡಿಸಲಾಗದ್ದನ್ನು ಅವರು ಎರಡು ಉಸಿರಿನಲ್ಲಿ ಮಾಡಿ ತೋರಿಸಿದರು. ಬಸ್ಸು ಬರುವಾಗ ಅವರು ಸರ್ಕಾರ, ಬಸ್ಸು ನಿಂತಾಗ ಅವರು ಸದನ. ಸದನ, ಸರ್ಕಾರ ಎಂದು ಅಧಿಕಾರ ಹಂಚಿಕೊಂಡದ್ದು ಸುಳ್ಳಲ್ಲ, ಹಂಚಿಕೊಂಡವರೇ ಎರಡೂ ಪಾಲಿನ ಮೇಲೆ ಕಾಲಿಟ್ಟು ನಿಂತಿದ್ದರು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ನಿಜ ಹೇಳಬೇಕೆಂದರೆ, ಆ ಹುಡುಗಿಯ ಮೇಲೆ ಹೊಟ್ಟೆ ತುಂಬ ಪ್ರೀತಿಯೂ ಬಂತು.

ವಾರದೊಳಗೆ ಬಸ್ಸು ಬಂತು. ಎಲ್ಲರೂ ಹಿಗ್ಗಿದರು. ನಾನು ಒಂದು ಸಂಜೆ ಆ ಬಸ್ಸು ಹತ್ತಿ ಹೋದೆ, ಯಾವ ಕೆಲಸವೂ ಇಲ್ಲದೆ. ಕಂಡಕ್ಟರ್ ಟಿಕೆಟ್ ಹರಿದು ಕೊಡುವಾಗ, ಈ ರೂಟು ಕಾಯಂ ಆಯಿತೇ ಎಂದು ಕೇಳಿದೆ.

"ಕಾಯಂ ಎಲ್ಲಿದ್ರಿ. ಫೋನ್ ಬಂದಿತ್ತು, ಸದ್ಯಾಕ ಓಡಸ್ರಿ ಅಂದಾರ."

"ಸದ್ಯಾಕ ಅಂದ್ರ ಎಲ್ಲಿತನಕ?"

"ಇನ್ನೊಂದು ಫೋನ್ ಬರೂತನಕ್ರಿ" ಎಂದು ಅವನು ಮುಂದಿನ ಸೀಟಿಗೆ ಹೋದ.

ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ವೇಳಾಪಟ್ಟಿಯ ಬೋರ್ಡನ್ನು ಮೇಲಿಂದ ಕೆಳಗೆ ಓದಿದೆ. ಆ ಊರಿನ ಸಂಜೆ ಬಸ್ಸು ಅದರಲ್ಲಿ ಇರಲಿಲ್ಲ. ಬಾಯಿಮಾತಿನಲ್ಲಿ ಬಂದ ಬಸ್ಸು ಬಾಯಿಮಾತಿನಲ್ಲಿ ಹೋಗುತ್ತದೆ. ಇದನ್ನು ಹುಡುಗಿಗೆ ಹೇಳಿದೆ. ಹೇಳಬಾರದಿತ್ತೇನೋ, ಆದರೆ ಅನುಮಾನವನ್ನು ಒಬ್ಬಳೇ ಹೊತ್ತುಕೊಂಡು ತಿರುಗುವುದು ನನ್ನಿಂದಾಗದು.

ಅಷ್ಟರಲ್ಲಿ ಊರಿನವರು ಶಾಸಕರಿಗೆ ಸನ್ಮಾನ ಇಟ್ಟುಕೊಂಡರು. ಬಸ್ಸು ಕೇಳಿದ ಹುಡುಗಿಯೇ ಧನ್ಯವಾದ ಹೇಳಬೇಕೆಂದು ಮೇಲಿನಿಂದ ಸೂಚನೆ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಚಂದಂಗ ಬರದ ಕೊಡ್ರಿ ಮೇಡಂ. ಈ ಸಲ ಬರದಷ್ಟ ಓದ್ಬೇಕು" ಎಂದರು.

ಹುಡುಗಿಯ ಅಪ್ಪನೂ ಕಾಲೇಜಿಗೆ ಬಂದ. ಕಲ್ಲಿನ ಪುಡಿ ಮೆತ್ತಿದ ಅಂಗಿಯಲ್ಲೇ, ಕಾರ್ಖಾನೆಯಿಂದ ನೆಟ್ಟಗೆ ಬಂದಿದ್ದ. ನಾನು ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಅಕಿಗೆ ನೀವ ಹೇಳ್ರಿ, ನಿಮ್ಮ ಮಾತು ಕೇಳ್ತಾಳ. ಧನ್ಯವಾದ ಹೇಳಿ ಸುಮ್ನ ಕುಂಡ್ರಲಿ. ದೊಡ್ಡವ್ರ ಎದುರು ಮಾತು ಬೆಳಸಿದ್ರ ಇದ್ದ ಬಸ್ಸೂ ಹೋಗ್ತದ. ಬಸ್ ಹೋತಂದ್ರ ಕಾಲೇಜೂ ಹೋತ್ರಿ. ನಾ ಕತ್ತಲದಾಗ ಮಗಳನ್ನ ನಡಸಾಂವಲ್ಲ."

ಅವನ ಭಯ ನನಗೆ ಅರ್ಥವಾಯಿತು. ಅವನ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಬರೆದುಕೊಟ್ಟೆ. ಹುಡುಗಿ ಓದಿ ನೋಡಿದಳು.

"ಇದ್ರಾಗ ಬಸ್ ಸ್ಟ್ಯಾಂಡ್ ಬೋರ್ಡಿಂದು ಏನೂ ಇಲ್ರಿ ಮೇಡಂ."

"ಇಲ್ಲ. ನೀ ಈ ವರ್ಷ ಪರೀಕ್ಷಾ ಬರಿ. ಬೋರ್ಡಿಂದು ಆಮ್ಯಾಲ ನೋಡೂಣು."

ಅವಳು ಹಾಳೆಯನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡಳು. ಅವಳು ಮರುಪ್ರಶ್ನೆ ಹಾಕದಿದ್ದರೆ ನನಗೆ ಹೆದರಿಕೆ ಆಗುತ್ತಿತ್ತು.

ಸನ್ಮಾನ ಊರಿನ ಬಸ್ ನಿಲ್ದಾಣದ ಪಕ್ಕದಲ್ಲೇ ನಡೆಯಿತು. ಶಾಸಕರ ಫೋಟೊ ಇದ್ದ ಬ್ಯಾನರನ್ನು ಬಸ್ಸಿನ ಮೂತಿಗೆ ಕಟ್ಟಿದ್ದರು. ಡ್ರೈವರನಿಗೆ ರಸ್ತೆ ಕಾಣುವಂತಿರಲಿಲ್ಲ, ಆದರೆ ಬಸ್ಸು ನಿಂತೇ ಇತ್ತಲ್ಲ. ಶಾಲು, ಹಾರ, ಪೇಟ ಎಲ್ಲ ಆದ ಮೇಲೆ ಹುಡುಗಿಯ ಹೆಸರು ಕರೆದರು. ಅಪ್ಪ ಮುಂದೆಯೇ ನೆಲದ ಮೇಲೆ ಕೂತಿದ್ದ. ಅವಳು ಎದ್ದು ಹೋಗಿ ನಾನು ಬರೆದದ್ದನ್ನು ಒಂದಕ್ಷರ ಬಿಡದೆ ಓದಿದಳು. ಓದಿ ಮುಗಿಸಿದ ಮೇಲೂ ಮೈಕಿನ ಮುಂದೆ ನಿಂತಿದ್ದಳು. ಶಾಸಕರ ನಗು ಸ್ವಲ್ಪ ಬಿಗಿಯಾಯಿತು. ಪ್ರಿನ್ಸಿಪಾಲರು ಕುರ್ಚಿಯ ಅಂಚಿಗೆ ಬಂದರು. ಅವಳು ಅಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ. "ನಮಸ್ಕಾರ" ಎಂದು ಹೇಳಿ ಕೆಳಗಿಳಿದು ಹೆಂಗಸರ ನಡುವೆ ಹೋಗಿ ಕೂತಳು.

ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಬಾಗಲಕೋಟೆಯಲ್ಲಿ ಒಂದು ಸರ್ಕಾರವನ್ನೇ ಉರುಳಿಸಿದವಳನ್ನು ಒಂದು ಪುಟದ ಧನ್ಯವಾದ ಕೂರಿಸಿಬಿಟ್ಟಿತ್ತು. ವಿಪ್ ಅಂದರೆ ಏನು ಅಂತ ನಾನು ತರಗತಿಯಲ್ಲಿ ಸರಿಯಾಗಿ ಹೇಳಿರಲಿಲ್ಲ. ಅದು ಹೀಗೆ ಕೆಲಸ ಮಾಡುತ್ತದೆ, ಬಸ್ಸು ಹೋದೀತು ಎಂಬ ಹೆದರಿಕೆಯ ಮೇಲೆ.

ಶಾಸಕರು ಮೈಕಿನ ಕಡೆ ಹೊರಟರು. ಆಗ ನೆಲದ ಮೇಲೆ ಕೂತಿದ್ದ ಅಪ್ಪ ಎದ್ದು ನಿಂತ.

"ಸಾಹೇಬ್ರ, ಒಂದು ಮಾತ್ರಿ."

ಯಾರೋ ಹಿಂದಿನಿಂದ "ಏ, ಕುಂಡ್ರೋ" ಎಂದರು. ಅವನು ಕೂಡಲಿಲ್ಲ.

"ಇಳಕಲ್ಲ ಬಸ್ ಸ್ಟ್ಯಾಂಡಿನ ಬೋರ್ಡಿನ್ಯಾಗ ನಮ್ಮೂರ ಸಂಜಿ ಬಸ್ ಬರದಿಲ್ರಿ. ನಿನ್ನೆ ನಾನ ಹೋಗಿ ನೋಡಿ ಬಂದೇನಿ. ಅದ್ರಾಗ ಬರಸ್ರಿ. ಬೋರ್ಡಿನ್ಯಾಗ ಇದ್ರ ನನ್ನ ಮಗಳಿಗೆ ಧೈರ್ಯ."

ಶಾಸಕರು ದೊಡ್ಡದಾಗಿ ನಕ್ಕು ಕೈ ಎತ್ತಿದರು. "ಅಷ್ಟ ಅಲ್ಲೇನು, ಬರಸೋಣ. ಸೋಮವಾರ ಬರಸೋಣ."

"ಯಾವ ಸೋಮವಾರ್ರಿ?"

ಯಾರೂ ನಗಲಿಲ್ಲ. ಶಾಸಕರು ಪಕ್ಕದಲ್ಲಿದ್ದ ಅಧಿಕಾರಿಯ ಮುಖ ನೋಡಿದರು, ಅಧಿಕಾರಿ ಶಾಸಕರ ಮುಖ ನೋಡಿದ. ಹೆಂಗಸರ ಕಡೆಯಿಂದ ಇನ್ನೊಂದು ದನಿ, "ಹೌದ್ರಿ, ಯಾವತ್ತು ಅಂತ ಹೇಳ್ರಿ" ಎಂದಿತು.

ಇವನಿಗೆ ಇದನ್ನು ಹೇಳಿಕೊಟ್ಟವರು ಯಾರು ಎಂದು ನಾನು ಥಟ್ಟನೆ ಮಗಳ ಮುಖ ನೋಡಿದೆ. ಅವಳೂ ಬಾಯಿ ತೆರೆದುಕೊಂಡು ಅಪ್ಪನನ್ನೇ ನೋಡುತ್ತಿದ್ದಳು.